ದೊಡ್ಡವ್ವನ ಹಗೇವು

ನಮ್ಮ ಆಫೀಸಿನ ಕೆಳಗಿನ ಮಹಡಿಯಲ್ಲಿ ಒಂದು ಜಿಮ್ ಇದೆ. ಅಲ್ಲಿ ‘ಜಿಎಚ್’ ಅನ್ನೋ ಎರಡಕ್ಷರವನ್ನ ಜನ ಪಿಸುಮಾತಲ್ಲೇ ಆಡ್ತಾರೆ. ಗ್ರೋತ್ ಹಾರ್ಮೋನ್. ಹೊಟ್ಟೆ ಕರಗುತ್ತಂತೆ, ಮಸಲ್ ಕಟ್ಟುತ್ತಂತೆ, ವಯಸ್ಸು ಹಿಂದಕ್ಕೆ ಹೋಗುತ್ತಂತೆ, ತರಿಸಿಕೊಡೋರು ಯಾರೋ ಇದ್ದಾರಂತೆ. ಕಾಫಿ ಹೊತ್ತಿನಲ್ಲಿ ಈ ‘ಅಂತೆ’ಗಳು ಕಿವಿಗೆ ಬಿದ್ದಾಗೆಲ್ಲ ನನಗೆ ನೆನಪಾಗೋದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಮನೆಯ ಫ್ರಿಜ್ಜು. ಹಾಲಿನ ಪಾತ್ರೆ, ಇಡ್ಲಿ ಹಿಟ್ಟು, ಬಾಡಿದ ಕೊತ್ತಂಬರಿ ಸೊಪ್ಪು, ಅದರ ಪಕ್ಕ ಒಂದು ಸ್ಟೀಲ್ ಡಬ್ಬಿ. ಡಬ್ಬಿಯೊಳಗೆ ಅದೇ ಗ್ರೋತ್ ಹಾರ್ಮೋನಿನ ಪೆನ್ನು. ಅದನ್ನ ಪ್ರತಿ ರಾತ್ರಿ ಚುಚ್ಚಿಕೊಳ್ಳೋರು ನನ್ನ ದೊಡ್ಡವ್ವ. ಅಮ್ಮನ ಅಕ್ಕ. ಜಿಮ್ಮಿನ ಬಾಗಿಲನ್ನೂ ಕಂಡವರಲ್ಲ.

ಕತೆ ಶುರುವಾಗೋದು 1989ರಲ್ಲಿ, ನಾನು ಹುಟ್ಟೋಕೂ ಮುಂಚೆ. ಎರಡನೇ ಹೆರಿಗೆಗೆ ದೊಡ್ಡವ್ವ ಕೆ.ಆರ್. ನಗರದ ಕಡೆಯ ತವರಿಗೆ ಬಂದಿದ್ರು. ಸೂಲಗಿತ್ತಿ ಮನೆಯಲ್ಲೇ ಹೆರಿಗೆ ಮಾಡಿಸಿದ್ಲು. ಮಗು ಚೆನ್ನಾಗೇ ಹುಟ್ತು, ಹೆಣ್ಣುಮಗು. ಆದ್ರೆ ಕಸ ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಎತ್ತಿನಗಾಡಿಯಲ್ಲಿ ರಸ್ತೆಗೆ ತಂದು, ಅಲ್ಲಿಂದ ಯಾರದೋ ಟೆಂಪೋದಲ್ಲಿ ಮೈಸೂರಿಗೆ ಸಾಗಿಸೋ ಹೊತ್ತಿಗೆ ಹಾಸಿದ್ದ ಎರಡು ಕಂಬಳಿಯೂ ನೆಂದುಹೋಗಿದ್ವು ಅಂತ ಅಜ್ಜಿ ಹೇಳ್ತಿದ್ರು. ನಾಲ್ಕು ಬಾಟಲಿ ರಕ್ತ ಕೊಟ್ಟು ಉಳಿಸಿದ್ರಂತೆ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಓಡಾಡೋಕೆ ಶುರುವಾಗಿದ್ದು 2008ರಲ್ಲಿ. ಅಂದ್ರೆ ಇನ್ನೂ ಹತ್ತೊಂಬತ್ತು ವರ್ಷ ಬಾಕಿ ಇತ್ತು.

ದೊಡ್ಡವ್ವ ಉಳಿದ್ರು. ಎದೆಹಾಲು ಬರಲಿಲ್ಲ. ಒಂದು ತೊಟ್ಟೂ ಇಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ, ನಾಟಿ ಕೋಳಿ ಸಾರು, ಕೊನೆಗೆ ದೃಷ್ಟಿ ತೆಗೆಯೋದು, ಎಲ್ಲ ಆಯ್ತು. ಅಕ್ಕನನ್ನ (ಆ ಮಗುವನ್ನ ನಾನು ಅಕ್ಕ ಅನ್ನೋದು) ಅಜ್ಜಿ ಹಸುವಿನ ಹಾಲಿಗೆ ನೀರು ಬೆರೆಸಿ ಸಾಕಿದ್ರು. ಮುಟ್ಟು ಮತ್ತೆ ಬರಲೇ ಇಲ್ಲ. ದೊಡ್ಡವ್ವನಿಗೆ ಆಗ ಇಪ್ಪತ್ತೆರಡು ವರ್ಷ. ಊರಿನವರು ಒಂದು ಮಾತು ಕಟ್ಟಿದ್ರು: ‘ಹುಟ್ತಾನೇ ಅವ್ವನ ಹಾಲು ಬತ್ತಿಸ್ದ ಕೂಸು.’ ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಇರಬಹುದು. ಹಬ್ಬದ ದಿನ ನಗಾಡ್ತಾ ಹೇಳ್ತಿದ್ರು. ಆದ್ರೆ ಅಕ್ಕ ಆ ಮಾತನ್ನ ಮೂವತ್ತು ವರ್ಷ ಹೊತ್ಕೊಂಡೇ ಬೆಳೆದಳು. ಮದುವೆಯಾಗಿ ಹುಣಸೂರಿಗೆ ಹೋಗುವಾಗಲೂ ಜೊತೆಗೇ ತಗೊಂಡು ಹೋದಳು.

ಆಮೇಲಿನ ದೊಡ್ಡವ್ವನೇ ನಾನು ಕಂಡ ದೊಡ್ಡವ್ವ. ಬೇಸಿಗೆಯಲ್ಲೂ ಸ್ವೆಟರ್. ಬಿಳಿಚಿಕೊಂಡ ಮುಖ, ಸುಕ್ಕು ಬೇಗ ಬಂದಿದ್ದ ಚರ್ಮ, ತೆಳ್ಳಗಿನ ಕೈಕಾಲು, ಅದಕ್ಕೆ ಹೊಂದಿಕೆಯೇ ಇಲ್ಲದ ದಪ್ಪ ಹೊಟ್ಟೆ. ಜುಲೈ–ಆಗಸ್ಟಿನಲ್ಲಿ ನಮ್ಮ ಕಡೆ ಹೊಗೆಸೊಪ್ಪಿನ ಕೆಲಸ ಹೇಗಿರುತ್ತೆ ಅಂತ ನೋಡಿದವರಿಗೇ ಗೊತ್ತು. ಮುಂಜಾನೆ ಸೊಪ್ಪು ಮುರೀಬೇಕು, ಹೆಂಗಸರು ಸಾಲಾಗಿ ಕೂತು ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿಗೆ ಏರಿಸಬೇಕು, ರಾತ್ರಿಯೆಲ್ಲ ಸೌದೆ ಹಾಕ್ತಾ ಬೆಂಕಿ ಕಾಯಬೇಕು. ಆ ಸಾಲಿನಲ್ಲಿ ದೊಡ್ಡವ್ವ ಹತ್ತು ಕಡ್ಡಿ ಕಟ್ಟೋ ಹೊತ್ತಿಗೆ ಗೋಡೆಗೆ ಒರಗಿಬಿಡೋರು. ‘ಸೋಮಾರಿ ಸೊಸೆ’ ಅಂತ ಹೆಸರಾಯ್ತು. ಉಂಡಿದ್ದೆಲ್ಲ ಹೊಟ್ಟೆಗೇ ಹತ್ತುತ್ತೆ, ಕೆಲಸಕ್ಕೆ ಮಾತ್ರ ಕೈ ಬರಲ್ಲ ಅಂತ.

ಡಾಕ್ಟರಿಗೆ ತೋರಿಸಲಿಲ್ಲ ಅಂತೇನಲ್ಲ. ಕಬ್ಬಿಣಾಂಶದ ಮಾತ್ರೆ ನುಂಗಿದ್ದಾಯ್ತು, ಬಿ-ಕಾಂಪ್ಲೆಕ್ಸ್ ಆಯ್ತು, ‘ಬಿಪಿ ಲೋ ಇದೆ, ಉಪ್ಪು ಜಾಸ್ತಿ ತಿನ್ನಿ’ ಆಯ್ತು, ಗ್ಲೂಕೋಸ್ ಬಾಟಲಿಯಂತೂ ಲೆಕ್ಕವಿಲ್ಲದಷ್ಟು. ಒಮ್ಮೆ ಥೈರಾಯ್ಡ್ ಟೆಸ್ಟೂ ಮಾಡಿಸಿದ್ರು. ಟಿಎಸ್‌ಎಚ್ ನಾರ್ಮಲ್ ಅಂತ ಬಂತು. ಇಲ್ಲೊಂದು ಸೂಕ್ಷ್ಮ ಇದೆ. ಟಿಎಸ್‌ಎಚ್ ಅನ್ನೋದು ಥೈರಾಯ್ಡಿಗೆ ಪಿಟ್ಯುಟರಿ ಬರೆಯೋ ಕಾಗದ. ಥೈರಾಯ್ಡ್ ಕೆಟ್ಟರೆ ಪಿಟ್ಯುಟರಿ ಮೇಲಿಂದ ಮೇಲೆ ಕಾಗದ ಬರೆಯುತ್ತೆ, ಅಂಕಿ ಏರುತ್ತೆ. ಕಾಗದ ಬರೆಯೋ ಪಿಟ್ಯುಟರಿಯೇ ಕೆಟ್ಟಿದ್ರೆ? ಆಗ ಥೈರಾಯ್ಡಿನ ಹಾರ್ಮೋನು ಪಾತಾಳಕ್ಕೆ ಇಳಿದಿದ್ರೂ ಟಿಎಸ್‌ಎಚ್ ಅಂಕಿ ನಾರ್ಮಲ್ ಅಂತಲೇ ಕಾಣಬಹುದು. ಟಿ4 ನೋಡಬೇಕು. ಯಾರೂ ನೋಡಲಿಲ್ಲ.

2019ರ ಆಗಸ್ಟಿನಲ್ಲಿ ಒಂದು ಸಾಧಾರಣ ಜ್ವರ ಬಂತು. ಎರಡನೇ ದಿನ ದೊಡ್ಡವ್ವ ಮಾತು ತೊದಲಿ, ಆಮೇಲೆ ಕರೆದರೆ ಓಗೊಡದ ಹಾಗೆ ಮಲಗಿಬಿಟ್ರು. ಮೈಸೂರಿಗೆ ತಂದಾಗ ರಕ್ತದಲ್ಲಿ ಸೋಡಿಯಂ 112. ಅದು 135ಕ್ಕಿಂತ ಮೇಲಿರಬೇಕು. ಅಲ್ಲಿದ್ದ ಒಬ್ಬ ಯುವ ಡಾಕ್ಟರು, ನನಗಿಂತ ಚಿಕ್ಕವರೇ ಇರಬೇಕು, ಅಮ್ಮನನ್ನ ಕೇಳಿದ ಪ್ರಶ್ನೆ ಇದು: “ಇವರಿಗೆ ಕೊನೇ ಹೆರಿಗೆ ಆದ್ಮೇಲೆ ಎದೆಹಾಲು ಬಂದಿತ್ತಾ?”

ಮೂವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನ ಕೇಳಿದ ಮೊದಲ ಮನುಷ್ಯ ಅವರು.

ಹೆಸರು ಶೀಹನ್ಸ್ ಸಿಂಡ್ರೋಮ್. ಹೆರಾಲ್ಡ್ ಶೀಹನ್ ಅನ್ನೋ ಬ್ರಿಟಿಷ್ ವೈದ್ಯರು 1937ರಲ್ಲಿ ವಿವರಿಸಿದ್ದು. ಮಿದುಳಿನ ಬುಡದಲ್ಲಿ, ‘ಟರ್ಕಿಯ ಜೀನು’ ಅನ್ನೋ ಅರ್ಥದ ಲ್ಯಾಟಿನ್ ಹೆಸರಿರೋ ಒಂದು ಎಲುಬಿನ ಗುಳಿಯಲ್ಲಿ ಪಿಟ್ಯುಟರಿ ಕೂತಿರುತ್ತೆ. ಕಡಲೆಕಾಳಿನಷ್ಟು ದಪ್ಪ, ತೂಕ ಅರ್ಧ ಗ್ರಾಮ್ ಆಸುಪಾಸು. ಬಸುರಿನಲ್ಲಿ ಅದು ಉಬ್ಬಿ ದೊಡ್ಡದಾಗುತ್ತೆ, ಆದ್ರೆ ಅದಕ್ಕೆ ಹರಿಯೋ ರಕ್ತ ತೀರಾ ಕಡಿಮೆ ಒತ್ತಡದ್ದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಬಿಪಿ ಬಿದ್ದರೆ ಮೊದಲು ಸೊರಗೋದು ಅದೇ. ಹಾಲಿನ ಹಾರ್ಮೋನು, ಮುಟ್ಟಿನ ಹಾರ್ಮೋನು, ಥೈರಾಯ್ಡಿಗೂ ಅಡ್ರಿನಲ್‌ಗೂ ಹೋಗೋ ಸಂದೇಶ, ಗ್ರೋತ್ ಹಾರ್ಮೋನು, ಎಲ್ಲಕ್ಕೂ ಅದೊಂದೇ ಕಚೇರಿ. ದೊಡ್ಡವ್ವನ ಎಂಆರ್‌ಐನಲ್ಲಿ ಆ ಗುಳಿ ಖಾಲಿ ಇತ್ತು. ಇದೇನು ಅಪರೂಪದ ಕಾಯಿಲೆ ಅಂದ್ಕೋಬೇಡಿ. ಕಾಶ್ಮೀರ ಕಣಿವೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇದು ಇರಬಹುದು ಅಂತ ಅಂದಾಜು ಮಾಡಿತ್ತು. ಅವರಲ್ಲೂ ಹೆಚ್ಚಿನವರಿಗೆ ಹೆರಿಗೆಯಾಗಿದ್ದು ಮನೆಯಲ್ಲೇ.

ರಿಪೋರ್ಟು ಬಂದ ದಿನ ಅಕ್ಕ ಹುಣಸೂರಿನಿಂದ ಬಂದಿದ್ದಳು. ಡಾಕ್ಟರು ವಿವರಿಸಿ ಮುಗಿಸಿದ ಮೇಲೆ ಅವಳು ಒಂದೇ ಕೇಳಿದ್ದು, “ಹಂಗಾದ್ರೆ ಅದು ನನ್ನಿಂದ ಆಗಿದ್ದಲ್ವಾ?” ಡಾಕ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಮಗೆಲ್ಲ ಆಯ್ತು. ದೊಡ್ಡವ್ವ ಮಲಗಿದ್ದಲ್ಲಿಂದಲೇ ಕೈ ಚಾಚಿ ಅವಳ ಕೈ ಹಿಡ್ಕೊಂಡ್ರು. ಇದನ್ನ ಹೆಚ್ಚು ಬರೆದರೆ ಅಕ್ಕ ಬೈತಾಳೆ. ಮುಂದಕ್ಕೆ ಹೋಗೋಣ.

ಮೊದಲು ಪ್ರೆಡ್ನಿಸೋಲೋನ್, ಕೆಲವು ದಿನ ಬಿಟ್ಟು ಥೈರಾಕ್ಸಿನ್. ಈ ಕ್ರಮ ತಪ್ಪಬಾರದು. ಅಡ್ರಿನಲ್ ಸೊರಗಿರೋ ದೇಹಕ್ಕೆ ಮೊದಲೇ ಥೈರಾಕ್ಸಿನ್ ಕೊಟ್ಟರೆ ಪ್ರಾಣಕ್ಕೇ ಬರಬಹುದು. ಎರಡು ತಿಂಗಳಲ್ಲಿ ದೊಡ್ಡವ್ವ ಸ್ವೆಟರ್ ಬಿಚ್ಚಿಟ್ರು. ದನಿ ಬದಲಾಯ್ತು, ಫೋನಿನಲ್ಲಿ ನನಗೆ ಗುರುತೇ ಸಿಗಲಿಲ್ಲ. ಎರಡೂ ಮಾತ್ರೆ ಸೇರಿ ತಿಂಗಳಿಗೆ ಆಗೋ ಖರ್ಚು ನಾವು ಒಂದು ಸಂಜೆ ಕಾಫಿಗೆ ಕೊಡೋ ದುಡ್ಡು. ಇಷ್ಟು ಅಗ್ಗದ ಔಷಧಿಗೆ ಮೂವತ್ತು ವರ್ಷ ಕಾದಿದ್ದು ಅಂತ ಯೋಚಿಸಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಆದ್ರೂ ಒಂದಿಷ್ಟು ಉಳೀತು. ಹೊಟ್ಟೆ ಕರಗಲಿಲ್ಲ. ಎಲ್‌ಡಿಎಲ್ ಕೊಲೆಸ್ಟ್ರಾಲ್ ಇಳಿಯಲಿಲ್ಲ. ಮಧ್ಯಾಹ್ನ ಮೂರಕ್ಕೆ ಬ್ಯಾಟರಿ ಮುಗಿದ ಫೋನಿನ ಹಾಗೆ ಕೂತುಬಿಡೋದು ಪೂರ್ತಿ ಹೋಗಲಿಲ್ಲ. 2022ರಲ್ಲಿ ಎಂಡೋಕ್ರೈನಾಲಜಿಸ್ಟು ಗ್ರೋತ್ ಹಾರ್ಮೋನಿನ ಮಾತೆತ್ತಿದ್ರು. ದೊಡ್ಡವ್ವ ನಕ್ಕರು: “ಇನ್ನೆಲ್ಲಿ ಬೆಳೀಲಿ ನಾನು?”

ನಾನೂ ಅಲ್ಲಿವರೆಗೆ ಅದು ಮಕ್ಕಳ ಎತ್ತರಕ್ಕೆ ಸಂಬಂಧಿಸಿದ್ದು ಅಂತಲೇ ಕೇಳಿದ್ದೆ. ಡಾಕ್ಟರು ಬಾಯಲ್ಲಿ ಬಿಡಿಸಿ ಹೇಳಿದ್ರು, ಆದ್ರೆ ಅದನ್ನ ದೊಡ್ಡವ್ವನಿಗೆ ಮುಟ್ಟಿಸೋ ಕೆಲಸ ನನ್ನ ತಲೆಗೆ ಬಂತು. ಆಗ ಹೊಳೆದಿದ್ದು ಹಗೇವು. ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರೋ. ರಾಗಿ ತುಂಬಿಡೋಕೆ ನೆಲದೊಳಗೆ ತೋಡಿದ ಗುಂಡಿ. ಬಾಯಿ ಕಿರಿದು, ಒಳಗೆ ಮಡಕೆಯ ಹಾಗೆ ಅಗಲ. ಸುಗ್ಗಿಯಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ರೆ ವರ್ಷಗಟ್ಟಲೆ ರಾಗಿ ಕೆಡಲ್ಲ. (ತೆರೆದ ತಕ್ಷಣ ಒಳಗೆ ಇಳಿಯೋ ಹಾಗಿಲ್ಲ, ಕೆಟ್ಟ ಗಾಳಿ ತುಂಬಿರುತ್ತೆ. ದೀಪ ಇಳಿಬಿಟ್ಟು, ಆರಲಿಲ್ಲ ಅಂದ್ರೆ ಮಾತ್ರ ಮನುಷ್ಯ ಇಳೀತಿದ್ದ.) ನಮ್ಮ ಅಜ್ಜನ ಮನೆ ಮುಂದೆ ಒಂದಿತ್ತು, ಈಗ ಅದರ ಮೇಲೆ ಬೈಕು ನಿಲ್ಲಿಸ್ತಾರೆ.

ಮೈಯೊಳಗಿನ ಕೊಬ್ಬು ಹಗೇವು. ಉಂಡಾಗ ಇನ್ಸುಲಿನ್ ಅದನ್ನ ತುಂಬುತ್ತೆ. ಉಪವಾಸದಲ್ಲಿ, ಮುಖ್ಯವಾಗಿ ರಾತ್ರಿ ಗಾಢ ನಿದ್ದೆ ಹತ್ತಿದ ಮೊದಲ ಗಂಟೆಗಳಲ್ಲಿ, ಪಿಟ್ಯುಟರಿಯಿಂದ ಗ್ರೋತ್ ಹಾರ್ಮೋನು ಅಲೆಯಾಗಿ ಬಂದು ಬಾಯಿಯ ಕಲ್ಲು ಸರಿಸುತ್ತೆ. ಕೊಬ್ಬಿನ ಕಣದೊಳಗಿನ ಟ್ರೈಗ್ಲಿಸರೈಡ್ ಒಡೆದು ಫ್ಯಾಟಿ ಆಸಿಡ್ ಆಗಿ ರಕ್ತಕ್ಕೆ ಇಳಿಯುತ್ತೆ, ಸ್ನಾಯು ಅದನ್ನ ಉರಿಸುತ್ತೆ. ಅಷ್ಟು ಹೊತ್ತು ಸ್ನಾಯುವಿನ ಪ್ರೋಟೀನು ಉಳಿಯುತ್ತೆ. ಬೆಳಗಾಗೋ ತನಕ ಮನೆ ನಡೆಯೋದು ಹೀಗೆ. ಅಷ್ಟೇ ಅಲ್ಲ, ಹೊಸ ಕೊಬ್ಬು ಒಳಗೆ ಹೋಗೋದಕ್ಕೂ ಅದು ಸ್ವಲ್ಪ ಅಡ್ಡ ಹಾಕುತ್ತೆ. ಕಲ್ಲು ಸರಿಸೋಕೆ ಬೇರೆ ಕೈಗಳೂ ಇವೆ, ಅಡ್ರಿನಲಿನ್ ಒಂದು. ಆದ್ರೆ ರಾತ್ರಿಪಾಳಿಯ ಆಳು ಮೂವತ್ತು ವರ್ಷ ಬರದೇ ಹೋದ್ರೆ ಏನಾಗುತ್ತೆ? ಹಗೇವು ತುಂಬ್ತಾ ಹೋಗುತ್ತೆ, ಅದರಲ್ಲೂ ಹೊಟ್ಟೆಯೊಳಗೆ, ಕರುಳಿನ ಸುತ್ತ. ಇತ್ತ ಸ್ನಾಯು ಸವೆಯುತ್ತೆ. ತುಂಬಿದ ಹಗೇವಿನ ಪಕ್ಕದಲ್ಲೇ ಕೂತು ಹಸಿದ ಮನೆ.

ಇದನ್ನ ಕೇಳಿ ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, “ಹಂಗಾರೆ ನಾನು ಉಂಡಿದ್ದು ನಂಗೇ ಸಿಗ್ನಿಲ್ಲ ಅನ್ನು” ಅಂದ್ರು.

ದೊಡ್ಡವರಲ್ಲಿ ಈ ಹಾರ್ಮೋನಿನ ಕತೆ ನಿಧಾನವಾಗಿ ಬೆಳೆದದ್ದು. ಮೊದಮೊದಲು ಅದನ್ನ ಸತ್ತವರ ಪಿಟ್ಯುಟರಿಯಿಂದ ತೆಗೀತಿದ್ರು. ಸಿಗ್ತಿದ್ದದ್ದು ಒಂದಿಷ್ಟು, ಅದೂ ಮಕ್ಕಳಿಗೆ ಮಾತ್ರ. ಅಮೆರಿಕದ ಮಾರಿಸ್ ರೇಬನ್ 1962ರಲ್ಲಿ ಒಬ್ಬ ಮೂವತ್ತೈದರ ಶಿಕ್ಷಕಿಗೆ ಕೊಟ್ಟಾಗ ಆಕೆಗೆ ಹುರುಪು ಬಂತು ಅಂತ ದಾಖಲಿಸಿದ್ದುಂಟು, ಆದ್ರೆ ಅಲ್ಲಿಗೇ ನಿಂತಿತು. 1985ರಲ್ಲಿ ಅದೇ ಔಷಧಿಯಿಂದ ಕೆಲವರಿಗೆ ಮಿದುಳು ಕೊಳೆಯೋ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ಕಾಯಿಲೆ ಬಂದಿದ್ದು ತಿಳಿದು ನಿಲ್ಲಿಸಿದ್ರು. ಅದೇ ವರ್ಷ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಹಾರ್ಮೋನಿಗೆ ಒಪ್ಪಿಗೆ ಸಿಕ್ತು. ಇನ್ನು ಎಷ್ಟು ಬೇಕಾದ್ರೂ ಮಾಡಬಹುದು. ಕೊರತೆ ಇರೋ ದೊಡ್ಡವರಿಗೆ ಕೊಟ್ಟು ನೋಡಿದ ಮೊದಲ ಒಳ್ಳೆ ಪ್ರಯೋಗಗಳು ಡೆನ್ಮಾರ್ಕಿನಿಂದಲೂ ಲಂಡನ್ನಿನಿಂದಲೂ ಪ್ರಕಟವಾದದ್ದು 1989ರಲ್ಲಿ. ಹೌದು, ದೊಡ್ಡವ್ವನ ಕಂಬಳಿ ನೆಂದ ಅದೇ ವರ್ಷ.

ಲಂಡನ್ನಿನ ಪ್ರಯೋಗದಲ್ಲಿ ಇದ್ದಿದ್ದು 24 ಜನ. ಆರು ತಿಂಗಳಲ್ಲಿ, ಹಾರ್ಮೋನು ಪಡೆದವರಲ್ಲಿ ಸರಾಸರಿ 5.7 ಕೆಜಿ ಕೊಬ್ಬು ಇಳಿದು, 5.5 ಕೆಜಿ ಕೊಬ್ಬಲ್ಲದ ತೂಕ ಏರಿತ್ತು. ಅಂದ್ರೆ ತೂಕದ ಮಷಿನ್ನಿನ ಮೇಲೆ ನಿಂತರೆ ಏನೂ ಆಗೇ ಇಲ್ಲ! ದಿನಾ ಬೆಳಗ್ಗೆ ಆ ಮಷಿನ್ನಿಗೆ ಶರಣಾಗೋ ನಮ್ಮಂಥವರು ಈ ಎರಡು ಅಂಕಿಯನ್ನ ಬಾತ್‌ರೂಮಿನ ಗೋಡೆಗೆ ಅಂಟಿಸ್ಕೋಬೇಕು.

ಜಿಮ್ಮಿನ ಪಿಸುಮಾತಿಗೂ ಒಂದು ಮೂಲ ಇದೆ. 1990ರಲ್ಲಿ ಡೇನಿಯಲ್ ರಡ್ಮನ್ ಮತ್ತು ಜೊತೆಗಾರರು ಅರವತ್ತು ದಾಟಿದ ಹನ್ನೆರಡು ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಇದನ್ನ ಕೊಟ್ಟು, ಕೊಬ್ಬು ಇಳೀತು ಅಂತ ಬರೆದ್ರು. ಹನ್ನೆರಡು ಜನ. ಆ ಒಂದು ಲೇಖನದ ಮೇಲೆ ‘ಆಂಟಿ-ಏಜಿಂಗ್’ ಅನ್ನೋ ದೊಡ್ಡ ವ್ಯಾಪಾರವೇ ಎದ್ದು ನಿಂತಿತು. ಕೊರತೆ ಇಲ್ಲದವರ ಮೈಯಲ್ಲಿ ರಾತ್ರಿಪಾಳಿಯ ಆಳು ಆಗಲೇ ಕೆಲಸದಲ್ಲಿದ್ದಾನೆ. ಅವನ ಮೇಲೆ ಇನ್ನಿಬ್ಬರನ್ನ ಕೂರಿಸಿದರೆ ಸಕ್ಕರೆ ಏರುತ್ತೆ, ಕೀಲು ನೋಯುತ್ತೆ, ಕೈಬೆರಳು ಊದುತ್ತೆ. ಬಾಡಿ ಬಿಲ್ಡರುಗಳ ಬಗ್ಗೆ ನನಗೆ ದ್ವೇಷವಿಲ್ಲ. ಆದ್ರೆ ಈ ಔಷಧಿಯ ಹೆಸರು ಕೇಳಿದ ತಕ್ಷಣ ಮೆಡಿಕಲ್ ಸ್ಟೋರಿನ ಹುಡುಗ ನನ್ನನ್ನ ಅಡಿಯಿಂದ ಮುಡಿವರೆಗೆ ನೋಡೋ ಹಾಗೆ ಮಾಡಿದವರು ಅವರೇ.

ದೊಡ್ಡವ್ವನಿಗೆ ಕೊರತೆ ಇದೆ ಅಂತ ತೋರಿಸೋದು ಕಷ್ಟವಾಗಲಿಲ್ಲ. ಗ್ರೋತ್ ಹಾರ್ಮೋನು ಅಲೆಯಾಗಿ ಬರೋದ್ರಿಂದ ಯಾವುದೋ ಹೊತ್ತಲ್ಲಿ ರಕ್ತ ತೆಗೆದು ಅಳೆದರೆ ಪ್ರಯೋಜನವಿಲ್ಲ. ಸಾಮಾನ್ಯವಾಗಿ ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿಯೋ, ಗ್ಲುಕಗಾನ್ ಕೊಟ್ಟೋ ಪಿಟ್ಯುಟರಿಯನ್ನ ಕೆಣಕಿ ನೋಡಬೇಕು. ಆದ್ರೆ ಪಿಟ್ಯುಟರಿಯ ಬೇರೆ ಮೂರು ವಿಭಾಗ ಆಗಲೇ ಮುಚ್ಚಿದ್ದು, ಲಿವರಿನಿಂದ ಬರೋ ಐಜಿಎಫ್-1 ಕೂಡ ಕಡಿಮೆ ಇದ್ದರೆ ಆ ಕೆಣಕಾಟ ಬೇಕಿಲ್ಲ. ಇವರದ್ದು ಹಾಗೇ ಇತ್ತು.

ಕಷ್ಟವಾಗಿದ್ದು ಮನೆಯಲ್ಲಿ. ಔಷಧಿಗೆ ತಿಂಗಳಿಗೆ ಹಲವು ಸಾವಿರ. ಅಣ್ಣ, ದೊಡ್ಡವ್ವನ ಹಿರೀಮಗ, ಆ ವರ್ಷದ ಹೊಗೆಸೊಪ್ಪಿಗೆ ಸಾಲ ಮಾಡಿದ್ದ. ಹರಾಜಿನಲ್ಲಿ ಏನು ರೇಟು ಬೀಳುತ್ತೋ ಅಂತ ಕಂಪಲಾಪುರದ ಕಡೆ ಮುಖ ಮಾಡಿ ಕೂತಿದ್ದ. “ಸಾಯೋ ಕಾಯ್ಲೆ ಅಲ್ವಲ್ಲ ಇದು. ಮಾತ್ರೆ ತಗಂಡು ಚೆನ್ನಾಗವ್ಳೆ. ಹೊಟ್ಟೆ ದಪ್ಪ ಇದ್ರೆ ಇರ್ಲಿ, ಯಾರ್ ನೋಡ್ಬೇಕು?” ಅವನ ಮಾತಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳಲ್ಲ. ಇದನ್ನ ಕೊಟ್ಟರೆ ಆಯಸ್ಸು ಹೆಚ್ಚುತ್ತೆ ಅಂತ ಡಾಕ್ಟರೇ ಮಾತು ಕೊಡಲಿಲ್ಲ. ಅಕ್ಕ ಎದ್ದು ನಿಂತಳು: “ಮೂವತ್ತು ವರ್ಷ ಅವ್ವ ಬದ್ಕಿದ್ಲು ಅಂತ ಲೆಕ್ಕ ಹಾಕ್ತೀಯಲ್ಲ, ಹೆಂಗ್ ಬದ್ಕಿದ್ಲು ಅಂತ ಯಾರಾದ್ರೂ ಕೇಳಿದ್ರಾ?” ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯನ್ನ ಸರ್ಕಾರವೇ ಕೇಳುತ್ತೆ ಅಂತ ಆಮೇಲೆ ಓದಿದೆ. 2003ರಲ್ಲಿ ಅಲ್ಲಿನ ನೈಸ್ ಸಂಸ್ಥೆ ಮಾಡಿದ ನಿಯಮದಲ್ಲಿ 25 ಪ್ರಶ್ನೆಗಳ ಒಂದು ಪಟ್ಟಿ ಇದೆ. ಬದುಕು ಎಷ್ಟು ಭಾರವಾಗಿದೆ ಅಂತ ಅದು ಅಳೆಯುತ್ತೆ. ಕನಿಷ್ಠ 11 ಅಂಕದಷ್ಟು ಭಾರ ಇದ್ದರೆ ಔಷಧಿ, ಒಂಬತ್ತು ತಿಂಗಳಲ್ಲಿ 7 ಅಂಕದಷ್ಟಾದರೂ ಹಗುರವಾಗದಿದ್ದರೆ ನಿಲ್ಲಿಸೋದು. ದುಡ್ಡಿನ ಲೆಕ್ಕವೇ, ಆದ್ರೆ ರೋಗಿಯ ಬಾಯಿಂದ ಶುರುವಾಗೋ ಲೆಕ್ಕ.

ನಮ್ಮ ಮನೆಯಲ್ಲಿ ಅದನ್ನ ಮುಗಿಸಿದ್ದು ದೊಡ್ಡವ್ವನೇ. “ನೀವ್ ನೀವೇ ಕಿತ್ತಾಡ್ತೀರಲ್ಲ, ನಂಗೇನ್ ಬೇಕು ಅಂತ ಕೇಳೀರಾ? ಒಂಬತ್ತು ತಿಂಗ್ಳು ನೋಡವ. ಹೆರಿಗೇಲಿ ಹೋಗಿದ್ದು ತಾನೇ, ಒಂಬತ್ತು ತಿಂಗ್ಳೇ ಸರಿ. ಒಂದೊತ್ತಿನ ಸೊಪ್ಪು ನಿಂತೋಗ್ದಂಗೆ ಕಟ್ಟಕ್ಕೆ ಆದ್ರೆ ಮುಂದ್ಕೆ, ಇಲ್ದಿದ್ರೆ ಬುಡು.” ಖರ್ಚನ್ನ ಅಕ್ಕ, ನಾನು, ಅಣ್ಣ ಹಂಚ್ಕೊಂಡ್ವಿ. ಅಣ್ಣ ತನ್ನ ಪಾಲನ್ನ ಒಂದು ತಿಂಗಳೂ ತಪ್ಪಿಸಲಿಲ್ಲ, ಅದನ್ನ ಇಲ್ಲಿ ಹೇಳಲೇಬೇಕು.

ದಿನಕ್ಕೆ 0.2 ಮಿಲಿಗ್ರಾಮ್, ರಾತ್ರಿ ಮಲಗೋ ಮುಂಚೆ, ಏಕೆಂದರೆ ನಿಜವಾದ ಅಲೆ ಬರೋದೂ ಆಗಲೇ. ಪೆನ್ನನ್ನ 2ರಿಂದ 8 ಡಿಗ್ರಿಯೊಳಗೆ ಇಡಬೇಕು, ಹೆಪ್ಪುಗಟ್ಟಲೂ ಬಾರದು. ಕರೆಂಟು ಹೋದ್ರೆ ಫ್ರಿಜ್ಜಿನ ಬಾಗಿಲು ಯಾರೂ ತೆಗೆಯೋ ಹಾಗಿಲ್ಲ ಅಂತ ದೊಡ್ಡವ್ವ ಮೊಮ್ಮಕ್ಕಳಿಗೆ ಕಟ್ಟಪ್ಪಣೆ ಮಾಡಿದ್ರು. ಎರಡನೇ ತಿಂಗಳು ಬೆರಳು ಊದಿ ಉಂಗುರ ತೆಗೆಯೋಕೇ ಆಗಲಿಲ್ಲ. ಡೋಸ್ ಇಳಿಸಿ, ನಿಧಾನವಾಗಿ ಏರಿಸಿದ್ರು. ಪ್ರೆಡ್ನಿಸೋಲೋನನ್ನೂ ಥೈರಾಕ್ಸಿನನ್ನೂ ಮತ್ತೆ ಅಳೆದು ಹೊಂದಿಸಬೇಕಾಯ್ತು, ಈ ಹಾರ್ಮೋನು ಬಂದರೆ ಉಳಿದವುಗಳ ಲೆಕ್ಕವೂ ಅಲುಗಾಡುತ್ತೆ. ಮೂರು ತಿಂಗಳ ಸಕ್ಕರೆಯ ಸರಾಸರಿ 5.7 ಇದ್ದದ್ದು 5.9 ಆಯ್ತು. ಹಗೇವಿನಿಂದ ಬಂದ ಕೊಬ್ಬನ್ನ ಉರಿಸೋ ಸ್ನಾಯು ಸಕ್ಕರೆಯನ್ನ ಅಷ್ಟಾಗಿ ಮೂಸಿ ನೋಡಲ್ಲ, ಇನ್ಸುಲಿನ್ನಿನ ಮಾತೂ ಕೇಳಲ್ಲ. ಅದಕ್ಕೇ ಈಗಲೂ ಆರು ತಿಂಗಳಿಗೊಮ್ಮೆ ನೋಡ್ತಾರೆ.

ಒಂಬತ್ತು ತಿಂಗಳಿಗೆ ತೂಕ 63 ಕೆಜಿ. ಶುರುವಿನಲ್ಲೂ 63. ಅಣ್ಣ ಆ ಚೀಟಿ ನೋಡಿ ನನ್ನ ಮುಖ ನೋಡಿದ. ಸೊಂಟದ ಸುತ್ತಳತೆ 97 ಸೆಂಟಿಮೀಟರಿನಿಂದ 91ಕ್ಕೆ ಇಳಿದಿತ್ತು, ಎಲ್‌ಡಿಎಲ್ ಕೂಡ ಸ್ವಲ್ಪ. ಪವಾಡವೇನೂ ಅಲ್ಲ. ಮಧ್ಯಾಹ್ನದ ಸುಸ್ತು ಕೆಲವು ದಿನ ಇವತ್ತಿಗೂ ಬರುತ್ತೆ. ಆದ್ರೆ 2023ರ ಆಗಸ್ಟಿನಲ್ಲಿ ದೊಡ್ಡವ್ವ ಬೆಳಗ್ಗೆ ಏಳಕ್ಕೆ ಸೊಪ್ಪಿನ ಮುಂದೆ ಕೂತವರು ಊಟದ ಹೊತ್ತಿಗೇ ಎದ್ದಿದ್ದು.

ಇನ್ನೊಂದು ವಿಷಯ ನಮ್ಮ ಕಡೆಯವರು ತಿಳ್ಕೋಬೇಕು. ಪಿಟ್ಯುಟರಿ ಹೀಗೆ ಸಾಯೋಕೆ ಹೆರಿಗೆಯೇ ಆಗಬೇಕಿಲ್ಲ, ಕೊಳಕುಮಂಡಲ ಕಚ್ಚಿದರೂ ಸಾಕು. ಆ ಹಾವಿನ ವಿಷ ರಕ್ತವನ್ನ ಒಮ್ಮೆ ಹೆಪ್ಪುಗಟ್ಟಿಸಿ, ಒಮ್ಮೆ ಸೋರಿಸಿ ಆ ಪುಟ್ಟ ಗ್ರಂಥಿಯನ್ನ ಒಣಗಿಸಬಹುದು. ಬರ್ಮಾದ ವೈದ್ಯರು 1987ರಲ್ಲಿ ಇದನ್ನ ಶೀಹನ್ನಿಗೇ ಹೋಲಿಸಿ ಬರೆದಿದ್ದರು, ದಕ್ಷಿಣ ಭಾರತದಲ್ಲೂ ಕಂಡಿದ್ದಾರೆ. ಹುಣಸೂರು, ಕೋಟೆ, ಪಿರಿಯಾಪಟ್ಟಣದ ಹೊಲಗಳಲ್ಲಿ ಆ ಹಾವಿಗೇನು ಬರವಿಲ್ಲ. ಕಚ್ಚಿ ಬದುಕಿದವನು, ಗಂಡಸೇ ಇರಲಿ, ವರ್ಷದ ಮೇಲೆ ಗಡ್ಡ ಉದುರಿ, ಚಳಿ ಅಂತ ಕಂಬಳಿ ಹೊದ್ದು ಮೂಲೆ ಸೇರಿದರೆ ಅದನ್ನ ‘ಹಾವಿನ ಭಯ’ ಅಂತ ಬಿಟ್ಟುಬಿಡಬಾರದು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನ ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿತು. ಕಚ್ಚಿದ ದಿನದ ಲೆಕ್ಕ ಈಗ ಸಿಗುತ್ತೆ. ಕಚ್ಚಿ ಒಂದು ವರ್ಷದ ಮೇಲೆ ಅವರನ್ನ ಒಮ್ಮೆ ಕರೆದು ಟಿ4, ಕಾರ್ಟಿಸಾಲ್ ನೋಡೋದೂ ಸೇರಿದರೆ ಚೆನ್ನ.

ಹೋದ ಸಲ ಊರಿಗೆ ಹೋದಾಗ ಸೊಪ್ಪು ಕಟ್ಟೋ ಸಾಲಿನಲ್ಲಿ ಎಚ್.ಡಿ. ಕೋಟೆ ಕಡೆಯಿಂದ ಕೂಲಿಗೆ ಬಂದ ಒಬ್ಬ ಹೆಂಗಸಿದ್ರು. ಮೂವತ್ತೈದರ ಆಸುಪಾಸು. ಬಿಸಿಲಲ್ಲೂ ಶಾಲು ಹೊದ್ದು, ಸ್ವಲ್ಪ ಹೊತ್ತಿಗೇ ಕಂಬಕ್ಕೆ ಒರಗಿದ್ರು. ಪಕ್ಕದವಳು ಏನೋ ಅಂದು ನಕ್ಕಳು. ದೊಡ್ಡವ್ವ ಕೈಲಿದ್ದ ಕಡ್ಡಿ ಕೆಳಗಿಟ್ರು.

“ಯಾಕವ್ವ, ಕೊನೇ ಕೂಸು ಹೆತ್ತಾಗ ರಕ್ತ ಬೋ ಹೋಗಿತ್ತಾ?”

ಆಕೆ ತಲೆ ಎತ್ತಿದ್ರು. “ಹೂಂ ಕನವ್ವ. ಯಾರ್ ಹೇಳಿದ್ರು?”

“ಹಾಲು ಬಂದಿತ್ತಾ?”

“ಇಲ್ಲ.”

“ಆಮೇಲೆ ಮುಟ್ಟು?”

ಆಕೆ ಸುತ್ತ ನೋಡಿ, ಇಲ್ಲ ಅಂತ ತಲೆ ಅಲ್ಲಾಡಿಸಿದ್ರು. ದೊಡ್ಡವ್ವ ಸೆರಗಿನ ಗಂಟು ಬಿಚ್ಚಿ ಬಸ್‌ಚಾರ್ಜು ಎಣಿಸೋಕೆ ಶುರು ಮಾಡಿದ್ರು. ನನ್ನ ಕಡೆ ತಿರುಗಿ, “ಮಗ, ಆ ಡಾಕ್ಟ್ರು ಯಾವತ್ ಯಾವತ್ ಸಿಗ್ತಾರೆ, ಕೇಳು. ಟಿ4 ನೋಡ್ಬೇಕು ಅಂತ ಈಗ್ಲೇ ಹೇಳ್ಬುಡು” ಅಂದ್ರು.